ನಾಲ್ಕು ನಿಮಿಷ ಮುಂಚೆ

ಮೊನ್ನೆ ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಕುಡೀತಾ ಕೂತಿದ್ದಾಗ ಅಪ್ಪ ಇದ್ದಕ್ಕಿದ್ದಂತೆ ಕೇಳಿದ್ರು, "ಈಗ ಅಲ್ಲಿ ಯಾವ್ದು ಬಂದಿರತ್ತೆ?"

ಬೇರೆ ಯಾರಾದ್ರೂ ಕೇಳಿಸಿಕೊಂಡಿದ್ರೆ ಬಸ್ಸಿನ ವಿಷಯ ಅಂದ್ಕೋತಿದ್ರು. 'ಅಲ್ಲಿ' ಅಂದ್ರೆ ಸಾಗರದ ಹತ್ತಿರ ಇದ್ದ ನಮ್ಮ ಮನೆ. 'ಯಾವ್ದು' ಅಂದ್ರೆ ಯಾವ ಉಪಗ್ರಹ! ನಾನು ಫೋನ್ ತೆಗೆದು ನೋಡಿ ಹೇಳಿದೆ. ಅಪ್ಪ "ಹೂಂ" ಅಂದು ಕಾಫಿ ಮುಗಿಸಿದರು. ಅಷ್ಟೇ ಮಾತು. ಆದ್ರೆ ಆ ಪ್ರಶ್ನೆ ತಲೇಲಿ ಕೊರೀತಾ ಇದೆ. ಅದಕ್ಕೇ ಇದನ್ನೆಲ್ಲಾ ಒಂದ್ಸಲ ಬರೆದು ಹಾಕಿಬಿಡೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಶುರುವಾಗಿದ್ದು ಒಂದು ಸಣ್ಣ ಜಿಪಿಎಸ್ ಮಾಡ್ಯೂಲಿನಿಂದ. ನಿಯೋ-6ಎಂ ಅಂತ ಅದರ ಹೆಸರು. ಬೆಂಕಿಪೊಟ್ಟಣದಷ್ಟೂ ಇಲ್ಲ. ಎಸ್‌ಪಿ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗತ್ತೆ. ಆಫೀಸಿನಲ್ಲಿ ದಿನವಿಡೀ ಯಾರದೋ ಡೇಟಾಬೇಸು, ಯಾರದೋ ರಿಪೋರ್ಟು ಅಂತ ಮಾಡಿ ಮಾಡಿ ಬೇಜಾರಾಗಿ, ಕೈಯಲ್ಲಿ ಮುಟ್ಟೋ ಹಾಗಿರೋ ಏನಾದ್ರೂ ಮಾಡ್ಬೇಕು ಅನ್ಸಿ ತಂದಿದ್ದೆ. ವೈರ್ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸಿದರೆ ಸೆಕೆಂಡಿಗೊಮ್ಮೆ ಸಾಲು ಸಾಲಾಗಿ ಅಕ್ಷರ, ಅಂಕಿ ಉದುರಿಸತ್ತೆ. ನಾವೆಲ್ಲ ಜಿಪಿಎಸ್ ಅಂದ ಕೂಡಲೇ 'ನಾನೆಲ್ಲಿದೀನಿ' ಅನ್ನೋ ಒಂದು ಉತ್ತರ ಮಾತ್ರ ನೋಡ್ತೀವಿ. ಆದ್ರೆ ಆ ಸಾಲುಗಳಲ್ಲಿ ಜಿಎಸ್‌ವಿ ಅಂತ ಒಂದು ಬಗೆಯ ಸಾಲು ಇರತ್ತೆ. ಅದು ನಮ್ಮ ಬಗ್ಗೆ ಏನೂ ಹೇಳಲ್ಲ, ಆಕಾಶದ ಬಗ್ಗೆ ಹೇಳತ್ತೆ. ಉದಾಹರಣೆಗೆ 03, 47, 215, 38 ಅಂತಿದ್ರೆ, 3ನೇ ನಂಬರಿನ ಉಪಗ್ರಹ ದಿಗಂತದಿಂದ 47 ಡಿಗ್ರಿ ಮೇಲಿದೆ, ಉತ್ತರದಿಂದ ಪ್ರದಕ್ಷಿಣೆಯಾಗಿ ಅಳೆದರೆ 215 ಡಿಗ್ರಿ ದಿಕ್ಕಿನಲ್ಲಿದೆ, ಅದರ ದನಿ 38ರಷ್ಟು ಜೋರಾಗಿ ಕೇಳ್ತಿದೆ ಅಂತ ಅರ್ಥ.

ಇನ್ನೊಂದು ಮಜಾ ಇದೆ. ಕೆಲವೊಮ್ಮೆ ಕೊನೆಯ ಅಂಕಿಯ ಜಾಗ ಖಾಲಿ ಇರತ್ತೆ. ಯಾವ ಉಪಗ್ರಹ ಯಾವಾಗ ಎಲ್ಲಿರಬೇಕು ಅನ್ನೋ ಪಂಚಾಂಗ ಆ ಮಾಡ್ಯೂಲಿನ ಹತ್ತಿರ ಇರತ್ತೆ (ಪಂಚಾಂಗವನ್ನೂ ಉಪಗ್ರಹಗಳೇ ಕಳಿಸೋದು). ಹಾಗಾಗಿ ಖಾಲಿ ಅಂದ್ರೆ, 'ಅವನು ಅಲ್ಲಿ ಇರಬೇಕು, ಆದ್ರೆ ನಂಗೆ ಕೇಳ್ತಿಲ್ಲ' ಅಂತ. ಈ ಖಾಲಿ ಜಾಗವನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

ಉಪಗ್ರಹಗಳು ಇರೋದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಸೆಕೆಂಡಿಗೆ ಹೆಚ್ಚುಕಮ್ಮಿ 3.9 ಕಿ.ಮೀ. ವೇಗದಲ್ಲಿ ಓಡ್ತಾ, ಹನ್ನೆರಡು ಗಂಟೆಗೆ ಸ್ವಲ್ಪ ಕಮ್ಮಿ ಹೊತ್ತಿನಲ್ಲಿ ಭೂಮಿಗೆ ಒಂದು ಸುತ್ತು ಹಾಕ್ತವೆ. ಪ್ರತಿಯೊಂದೂ ತನ್ನದೇ ಗುರುತಿನ 1023 ಬಿಟ್‌ಗಳ ಒಂದು ಮಾಲೆಯನ್ನ ಸೆಕೆಂಡಿಗೆ ಸಾವಿರ ಸಲ ಜಪ ಮಾಡ್ತಾನೇ ಇರತ್ತೆ. ನೆತ್ತಿ ಮೇಲಿಂದ ನಮ್ಮಂಗಳಕ್ಕೆ ಬರೋಕೆ ಆ ಜಪಕ್ಕೆ 67 ಮಿಲಿಸೆಕೆಂಡ್ ಸಾಕು. ಬರೋ ಹೊತ್ತಿಗೆ ಎಷ್ಟು ಕ್ಷೀಣವಾಗಿರತ್ತೆ ಅಂದ್ರೆ, ರಿಸೀವರಿನ ಒಳಗಿನ ಗದ್ದಲಕ್ಕಿಂತಲೂ ಕೆಳಗೆ ಮುಳುಗಿರತ್ತೆ. ಮಾಲೆ ಗೊತ್ತಿದ್ದವರು ಮಾತ್ರ ಗದ್ದಲದೊಳಗಿಂದ ಅದನ್ನ ಹೆಕ್ಕಿ ತೆಗೀಬಹುದು. ಮತ್ತೆ ಇದು ಒನ್ ವೇ. ನಾವು ಕೇಳ್ತಿದೀವಿ ಅಂತ ಅವಕ್ಕೆ ಗೊತ್ತೇ ಆಗಲ್ಲ.

ಇದನ್ನೆಲ್ಲ ಓದ್ತಿರುವಾಗಲೇ ಯೋಲಾಂಡ್ ಹ್ಯಾರಿಸ್ ಅನ್ನೋ ಕಲಾವಿದೆಯ ಬಗ್ಗೆ ಗೊತ್ತಾಗಿದ್ದು. 2008ರಲ್ಲಿ ಅವರು 'ಸನ್ ರನ್ ಸನ್' ಅನ್ನೋ ಕೆಲಸದಲ್ಲಿ 'ಸ್ಯಾಟಲೈಟ್ ಸೌಂಡರ್ಸ್' ಅಂತ ಕೈಯಲ್ಲಿ ಹಿಡಿಯೋ ವಾದ್ಯಗಳನ್ನ ಮಾಡಿದ್ರು. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಬೀದಿಯಲ್ಲಿ ನಡೀತಾ ಹೋದ್ರೆ, ಆ ಕ್ಷಣದಲ್ಲಿ ಬರ್ತಿರೋ ಉಪಗ್ರಹದ ಮಾಹಿತಿಯೇ ಶಬ್ದವಾಗಿ ಕೇಳತ್ತೆ. ದಾರಿ ತೋರಿಸೋ ಯಂತ್ರ ದಾರಿ ತೋರಿಸೋದು ಬಿಟ್ಟು ಹಾಡೋಕೆ ಶುರು ಮಾಡೋದು! ಆ ಐಡಿಯಾ ನಂಗೆ ಭಾಳ ಹಿಡಿಸ್ತು. ಜಿಪಿಎಸ್‌ನಿಂದ ಚಿತ್ರ ಬಿಡಿಸೋರು ಇರೋದು ಗೊತ್ತಿತ್ತು. ಇಂಗ್ಲೆಂಡಿನ ಜೆರೆಮಿ ವುಡ್ 2000ದ ಸುಮಾರಿನಿಂದ ತಾನು ಓಡಾಡಿದ ಜಾಡನ್ನೇ ಗೆರೆ ಮಾಡ್ಕೊಂಡು ಚಿತ್ರ ಬರೀತಾ ಬಂದಿದ್ದಾರೆ. ಜಪಾನಿನ ಯಾಸುಶಿ ತಕಾಹಾಶಿ ಇಡೀ ಜಪಾನಿನ ಮೇಲೆ ಏಳು ಸಾವಿರ ಕಿ.ಮೀ.ಗೂ ಹೆಚ್ಚು ಸುತ್ತಿ 'ನನ್ನನ್ನು ಮದುವೆಯಾಗು' ಅಂತ ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲೊಂದು ಹೃದಯ ಬೇರೆ ಬಿಡಿಸಿ, ಗಿನ್ನೆಸ್ ದಾಖಲೆ ಮಾಡಿದ. (ಹುಡುಗಿ ಒಪ್ಪಿದಳು. ನಾವು ನೋಡಿದ್ರೆ ಒಂದು ಎಸ್ಸೆಮ್ಮೆಸ್ ಕಳಿಸೋಕೆ ಮೂರು ದಿನ ತಗೋತೀವಿ :-) )

ಆದ್ರೆ ಅವರೆಲ್ಲ ಚಿತ್ರ ಬಿಡಿಸಿದ್ದು ತಾವು ನಡೆದು. ನಂಗೆ ನಡೆಯೋದು ಬೇಕಿರಲಿಲ್ಲ. ಒಂದೇ ಕಡೆ ಕೂತು ಮೇಲೆ ಓಡಾಡೋವ್ರನ್ನ ಕೇಳಬೇಕಿತ್ತು.

2022ರ ದೀಪಾವಳಿಗೆ ಊರಿಗೆ ಹೋದಾಗ ಆ ಮಾಡ್ಯೂಲು, ಒಂದು ರಾಸ್ಪ್‌ಬೆರಿ ಪೈ, ಎರಡು ಪವರ್ ಬ್ಯಾಂಕ್ ಎಲ್ಲಾ ತಗೊಂಡು ಹೋದೆ. ಒಂದು ಪ್ಲಾಸ್ಟಿಕ್ ತಿಂಡಿ ಡಬ್ಬಿಯೊಳಗೆ ಹಾಕಿ ಅಂಗಳದ ತುಳಸಿಕಟ್ಟೆಯ ಅಂಚಿನಲ್ಲಿಟ್ಟೆ. "ತುಳಸಿ ಬುಡದಲ್ಲಿ ಎಂತದು ಅದು?" ಅಂತ ಅಮ್ಮ. "ಉಪಗ್ರಹ ಹಿಡಿಯೋ ಡಬ್ಬಿ" ಅಂದೆ. "ಗ್ರಹಣದ ದಿನವೇ ಆಗ್ಬೇಕಾ ನಿಂಗೆ?" ಅಂದ್ಲು. ನಿಜ, ಅಕ್ಟೋಬರ್ 25ರ ಸಂಜೆ ಸೂರ್ಯಗ್ರಹಣ ಇತ್ತು. ಮನೆಮಂದಿಯೆಲ್ಲ ಒಳಗೆ ಕೂತಿದ್ದಾಗ ಹೊರಗೆ ಇದ್ದಿದ್ದು ನನ್ನ ಡಬ್ಬಿ ಒಂದೇ. ಅದಕ್ಕೆ ಗ್ರಹಣದ ಗೊಡವೆ ಇಲ್ಲ, ತನ್ನ ಪಾಡಿಗೆ ಸೆಕೆಂಡಿಗೊಂದು ಸಲ ಲೆಕ್ಕ ಬರ್ಕೊಳ್ತಾ ಇತ್ತು. ಹೀಗೆ ಮೂರು ದಿನ ಇಟ್ಟೆ.

ಬೆಂಗಳೂರಿಗೆ ಬಂದ ಮೇಲೆ ಅದಕ್ಕೊಂದು ಪ್ರೋಗ್ರಾಮ್ ಬರೆದೆ. ಒಂದು ನಿಮಿಷವನ್ನ ಒಂದು ಸೆಕೆಂಡಿಗೆ ಇಳಿಸಿದ್ರೆ ಒಂದು ದಿನ ಇಪ್ಪತ್ನಾಲ್ಕು ನಿಮಿಷದ ಹಾಡು ಆಗತ್ತೆ. ಉಪಗ್ರಹ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಮೇಲಿನ ಸ್ವರ. ಪೂರ್ವದಲ್ಲಿದ್ರೆ ಬಲಗಿವಿ, ಪಶ್ಚಿಮದಲ್ಲಿದ್ರೆ ಎಡಗಿವಿ. ಸಿಗ್ನಲ್ ಜೋರಿದ್ರೆ ದನಿ ಜೋರು. ಮೊದಲು ಹಾಗೇ ಹಾಕಿದಾಗ ಹತ್ತು ಜನ ಸೇರಿ ಸೈಕಲ್ ಪಂಪ್ ಹೊಡೆದ ಹಾಗೆ ಕೇಳಿಸ್ತು. ಅದಕ್ಕೆ ಒಂದು ಉಪಾಯ ಮಾಡಿದೆ. ಎಲ್ಲಾ ಎತ್ತರಗಳನ್ನೂ ಮೋಹನ ರಾಗದ ಐದು ಸ್ವರಕ್ಕೆ ಕೂರಿಸಿಬಿಟ್ಟೆ. ಸ ರಿ ಗ ಪ ಧ. ನಡುವೆ ಬಂದ ಅಂಕಿಯನ್ನ ಹತ್ತಿರದ ಸ್ವರಕ್ಕೆ ತಳ್ಳೋದು. ಮೇಲಿಂದ ಸ್ವಲ್ಪ ಗಂಟೆಯ ನಾದ, ಸ್ವಲ್ಪ ಎಕೋ. ಅಬ್ಬಾ! ದೇವಸ್ಥಾನದ ಪಕ್ಕ ಕೆರೆದಂಡೆಯಲ್ಲಿ ಕೂತ ಹಾಗಿತ್ತು.

ಆಫೀಸಿನಲ್ಲಿ ಶುಕ್ರವಾರ ಸಂಜೆ ಒಂದು ಡೆಮೋ ಕಾರ್ಯಕ್ರಮ ಇರ್ತಿತ್ತು. ಅಲ್ಲಿ 'ನಮ್ಮ ಮನೆಯ ಮೇಲಿನ ಆಕಾಶದ ಸಂಗೀತ' ಅಂತ ಶೀರ್ಷಿಕೆ ಕೊಟ್ಟು ಕೇಳಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಒಬ್ಬಳಂತೂ ಕಣ್ಣು ಮುಚ್ಚಿ ಕೂತಿದ್ಲು. ನಾನು ಗಾಳಿಯಲ್ಲಿ ತೇಲ್ತಾ ಮನೆಗೆ ಬಂದು ಅಪ್ಪನಿಗೆ ಆಡಿಯೋ ಕಳಿಸಿದೆ.

ಅಪ್ಪ ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ದೋರು. ಮಾರನೇ ದಿನ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಚೆನ್ನಾಗಿದೆ. ಆದ್ರೆ ಇದಕ್ಕೆ ಸುಳ್ಳು ಅಂಕಿ ಕೊಟ್ಟಿದ್ರೆ ಹೇಗೆ ಕೇಳ್ತಿತ್ತು?"

ಏನೇನೋ ಸಮಜಾಯಿಷಿ ಕೊಟ್ಟೆ. ಫೋನಿಟ್ಟ ಮೇಲೆ ತಡೀಲಿಲ್ಲ. ಅದೇ ಪ್ರೋಗ್ರಾಮಿಗೆ ಉಪಗ್ರಹದ ಬದಲು ಕಂಪ್ಯೂಟರ್ ಹುಟ್ಟಿಸಿದ ಅಡ್ಡಾದಿಡ್ಡಿ ಅಂಕಿಗಳನ್ನ ಕೊಟ್ಟೆ. ಏನಾಯ್ತು ಹೇಳಿ? ಅದೇ ಕೆರೆದಂಡೆ, ಅದೇ ದೇವಸ್ಥಾನ. ಎರಡನ್ನೂ ಅಕ್ಕನಿಗೆ, ಇಬ್ಬರು ಗೆಳೆಯರಿಗೆ ಕಳಿಸಿ ಯಾವುದು ನಿಜ ಹೇಳಿ ಅಂದೆ. ಇಬ್ಬರು ಸುಳ್ಳನ್ನೇ ನಿಜ ಅಂದ್ರು. ಒಬ್ಬ ಎರಡೂ ಒಂದೇ ಫೈಲ್ ಅಲ್ವೇನೋ ಅಂದ.

ನಂಗೆ ನಿಜವಾಗ್ಲೂ ನಾಚಿಕೆ ಆಯ್ತು. ಮೋಹನದ ಐದು ಸ್ವರದಲ್ಲಿ ಯಾವುದನ್ನ ಯಾವುದರ ಪಕ್ಕ ಇಟ್ಟರೂ ಜಗಳ ಆಡಲ್ಲ. ಹಾಗಾಗಿ ಅದರೊಳಗೆ ಏನು ಸುರಿದರೂ ಇಂಪಾಗೇ ಬರತ್ತೆ, ಕರೆಂಟ್ ಬಿಲ್ ಸುರಿದರೂ. ಇಂಪು ನಾನು ಹಾಕಿದ್ದು, ಹೆಸರು ಮಾತ್ರ ಆಕಾಶದ್ದು. ಆ ಕಣ್ಣು ಮುಚ್ಚಿ ಕೂತ ಹುಡುಗಿಗೆ ನಾನು ಕೇಳಿಸಿದ್ದು ನಮ್ಮ ಮನೆಯ ಆಕಾಶ ಅಲ್ವೇ ಅಲ್ಲ. ಈಗಲೂ ಅವಳಿಗೆ ಇದನ್ನ ಹೇಳಿಲ್ಲ.

ಎರಡನೇ ಸಲ ಬರೆಯುವಾಗ ಒಂದೇ ಪರೀಕ್ಷೆ ಇಟ್ಕೊಂಡೆ. ಸುಳ್ಳು ಅಂಕಿ ಕೊಟ್ಟರೆ ಕೆಡಬೇಕು. ಸ್ವರಕ್ಕೆ ತಳ್ಳೋದು ಬಿಟ್ಟೆ, ಗಂಟೆ, ಎಕೋ ಎಲ್ಲಾ ಬಿಟ್ಟೆ. ಒಂದು ಉಪಗ್ರಹಕ್ಕೆ ಒಂದೇ ಸಾದಾ ದನಿ. ಅದು ದಿಗಂತದಿಂದ ಏಳುವಾಗ ಕೆಳಗಿನಿಂದ ನಿಧಾನಕ್ಕೆ ಜಾರುತ್ತಾ ಮೇಲೇರತ್ತೆ, ನಾಲ್ಕೈದು ಗಂಟೆ ಕಳೆದು ಇಳಿಯುವಾಗ ಹಾಗೇ ಜಾರುತ್ತಾ ಇಳಿಯತ್ತೆ. ಕೇಳಿಸದ ಕಡೆ ಮೌನ. ಆ ಖಾಲಿ ಜಾಗಗಳನ್ನ ಮೊದಲನೇ ಪ್ರೋಗ್ರಾಮಿನಲ್ಲಿ ನಾನು ಎರಡೂ ಬದಿಯ ಅಂಕಿ ನೋಡಿ ನಯವಾಗಿ ತುಂಬಿಬಿಟ್ಟಿದ್ದೆ! ಈ ಸಲ ಮುಟ್ಟಲಿಲ್ಲ. ಸೈಕಲ್ ಪಂಪು ವಾಪಸ್ ಬಂತು ಅನ್ನಿ. ಆದ್ರೆ ಎರಡು ಮೂರು ಸಲ ಕೇಳಿದ ಮೇಲೆ ಒಂದೊಂದು ದನಿಯನ್ನ ಹಿಡಿದು ಹಿಂಬಾಲಿಸೋಕೆ ಆಗ್ತಿತ್ತು. ಸುಳ್ಳು ಅಂಕಿ ಕೊಟ್ಟರೆ ಬರೀ ಕಿರಿಚಾಟ. ಅಷ್ಟರಮಟ್ಟಿಗೆ ಪಾಸು.

ಯುಗಾದಿಗೆ ಹೋದಾಗ ಅಮ್ಮನಿಗೆ ಕೇಳಿಸಿದೆ. ಅಮ್ಮ ಊರಿನ ಮಕ್ಕಳಿಗೆ ದೇವರನಾಮ ಹೇಳಿಕೊಡ್ತಿದ್ದವಳು. ಒಂದು ನಿಮಿಷ ಕೇಳಿ, "ಶ್ರುತಿ ಎಲ್ಲಿ?" ಅಂದ್ಲು. ಶ್ರುತಿ ಇಲ್ದೇ ಯಾವುದು ಮೇಲೆ ಹೋಯ್ತು, ಯಾವುದು ಕೆಳಗೆ ಬಂತು ಅಂತ ಹೇಗೆ ಗೊತ್ತಾಗ್ಬೇಕು ಅಂತ ಅವಳ ತಕರಾರು. ನ್ಯಾಯವಾದ ತಕರಾರೇ. ಆದ್ರೆ ತಂಬೂರಿ ಹಾಕಿದರೆ ಮತ್ತೆ ನಾನೇ ಹಾಕಿದ ಹಾಗಾಯ್ತಲ್ಲ! ಆಕಾಶದಲ್ಲಿ ಅಲ್ಲಾಡದೇ ಇರೋದು ಏನಿದೆ?

ಇದೆ. ಗಗನ್. ವಿಮಾನಗಳಿಗೆ ಜಿಪಿಎಸ್ಸಿನ ತಪ್ಪನ್ನ ತಿದ್ದಿ ಹೇಳೋಕೆ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ವ್ಯವಸ್ಥೆ. ಅದರ ಸಂದೇಶ ಬರೋದು ಭೂಸ್ಥಿರ ಉಪಗ್ರಹಗಳಿಂದ, ಅದೂ ಜಿಪಿಎಸ್ ಬಳಸೋ ಅದೇ 1575.42 ಮೆಗಾಹರ್ಟ್ಸ್‌ನಲ್ಲಿ. ಅವುಗಳಲ್ಲಿ ಒಂದು 2012ರಲ್ಲಿ ಹಾರಿಸಿದ ಜಿಸ್ಯಾಟ್-10. ಹಾಸನದ ಎಂಸಿಎಫ್‌ನಿಂದ ನಿಯಂತ್ರಿಸೋದು. ನನ್ನ ಮಾಡ್ಯೂಲಿನ ಸೆಟಿಂಗ್‌ನಲ್ಲಿ ಅದರ ನಂಬರನ್ನ ಮೊದಲೇ ಹಾಕಿ ಕೊಟ್ಟಿದ್ದೆ. ಲಾಗ್ ತೆಗೆದು ನೋಡಿದ್ರೆ 41ನೇ ನಂಬರಿನಲ್ಲಿ ಕೂತಿದೆ! ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ, ಸುಮಾರು 71 ಡಿಗ್ರಿ ಎತ್ತರದಲ್ಲಿ. ಮೂರು ದಿನ, ಎರಡೂವರೆ ಲಕ್ಷ ಸೆಕೆಂಡು, ಆ ಅಂಕಿ ಅಲ್ಲಾಡಿಲ್ಲ. ಅದಕ್ಕೂ ಒಂದು ದನಿ ಕೊಟ್ಟೆ. ಅದೇ ಷಡ್ಜ ಆಯ್ತು. ಗಗನ್‌ನ ಮುಖ್ಯ ಕೇಂದ್ರ ಇರೋದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ದಿನಾ ನಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕ್ಕೊಂಡು ಹಾರನ್ ಕೇಳೋ ಜಾಗದಿಂದ ನಮ್ಮಮ್ಮನ ಶ್ರುತಿ ಮೇಲೆ ಹೋಗಿ ಕೆಳಗೆ ಬರ್ತಿದೆ ಅಂತ ಹೇಳಿದ್ರೆ ಅಮ್ಮನೂ ನಕ್ಕಳು. ಶ್ರುತಿ ಸೇರಿದ ಮೇಲೆ, "ಹಾಂ, ಈಗ ಕೂತ್ಕೊಂಡು ಕೇಳ್ಬಹುದು" ಅಂದ್ಲು.

ಅಪ್ಪನಿಗೆ ಕಿವಿಗಿಂತ ಕಾಗದದ ಮೇಲೆ ನಂಬಿಕೆ. ಅವರಿಗೋಸ್ಕರ ಅದೇ ಡೇಟಾದಿಂದ ಚಿತ್ರ ಮಾಡಿ ಪ್ರಿಂಟ್ ತಗೊಂಡು ಹೋಗಿದ್ದೆ. ಒಂದು ದೊಡ್ಡ ವೃತ್ತ. ನಡುವಿನ ಬಿಂದು ನೆತ್ತಿ, ಅಂಚು ದಿಗಂತ. ಪ್ರತಿ ಉಪಗ್ರಹ ಹೋದ ದಾರಿ ಒಂದು ಗೆರೆ. ಚೆನ್ನಾಗಿ ಕೇಳಿಸಿದ ಕಡೆ ದಪ್ಪ ಕಪ್ಪು, ಕೇಳಿಸದ ಕಡೆ ತೆಳುವಾಗ್ತಾ ಮಾಯ. ಮೂರು ದಿನ ಇಟ್ಟಿದ್ರಿಂದ ಮೂರು ಪಟ್ಟು ಗೆರೆ ಬರತ್ತೆ ಅಂದ್ಕೊಂಡಿದ್ದೆ. ಬರ್ಲಿಲ್ಲ. ಗೆರೆಯ ಮೇಲೇ ಗೆರೆ. ಯಾಕಂದ್ರೆ ಈ ಉಪಗ್ರಹಗಳು ಎರಡು ಸುತ್ತು ಮುಗಿಸೋ ಹೊತ್ತಿಗೆ ಭೂಮಿ ನಕ್ಷತ್ರಗಳ ಲೆಕ್ಕದಲ್ಲಿ ಸರಿಯಾಗಿ ಒಂದು ಸುತ್ತು ತಿರುಗಿರತ್ತೆ. ನಕ್ಷತ್ರದ ದಿನ ಅಂದ್ರೆ 23 ಗಂಟೆ 56 ನಿಮಿಷ. ಹಾಗಾಗಿ ಇವತ್ತಿನ ಆಕಾಶವೇ ನಾಳೆಯೂ ಬರತ್ತೆ, ನಾಲ್ಕು ನಿಮಿಷ ಮುಂಚೆ. ನಾಡಿದ್ದು ಎಂಟು ನಿಮಿಷ ಮುಂಚೆ. ಸ್ವಾತಿ, ವಿಶಾಖ ಎಲ್ಲಾ ದಿನಾ ನಾಲ್ಕು ನಿಮಿಷ ಬೇಗ ಹುಟ್ಟೋ ಲೆಕ್ಕವೇ ಇದು. ಅಪ್ಪನಿಗೆ ಹೇಳೋ ಅಗತ್ಯವೇ ಇರ್ಲಿಲ್ಲ.

ಅವರು ಮೊದಲು ಬೆರಳಿಟ್ಟಿದ್ದು ಉತ್ತರದಲ್ಲಿ. "ಇಲ್ಲಿ ಎಂತ ಖಾಲಿ?" ಉತ್ತರ ದಿಕ್ಕಿನಲ್ಲಿ ದಿಗಂತದಿಂದ ಮೇಲಕ್ಕೆ ಒಂದು ದೊಡ್ಡ ಗುಮ್ಮಟದಷ್ಟು ಜಾಗದಲ್ಲಿ ಒಂದೂ ಗೆರೆ ಇಲ್ಲ. ಅದು ನಮ್ಮನೆ ಮಾಡಿನದ್ದೋ ಮರದ್ದೋ ಅಡ್ಡ ಅಲ್ಲ. ಜಿಪಿಎಸ್ ಕಕ್ಷೆಗಳು ಸಮಭಾಜಕಕ್ಕೆ 55 ಡಿಗ್ರಿ ಓರೆಯಾಗಿವೆ. ಅದಕ್ಕಿಂತ ಉತ್ತರದ ನೆತ್ತಿಗೆ ಅವು ಹೋಗೋದೇ ಇಲ್ಲ. ನಮ್ಮೂರಿನಿಂದ ನೋಡಿದರೆ ನೇರ ಉತ್ತರದಲ್ಲಿ ಸುಮಾರು 38 ಡಿಗ್ರಿ ಎತ್ತರದವರೆಗೆ ಯಾವತ್ತೂ ಖಾಲಿ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಪೆನ್ಸಿಲ್ ತಗೊಂಡು ಆ ಖಾಲಿಯೊಳಗೆ 14 ಡಿಗ್ರಿ ಎತ್ತರದಲ್ಲಿ ಒಂದು ಚುಕ್ಕಿ ಇಟ್ರು. "ಧ್ರುವ" ಅಂದ್ರು. ನಮ್ಮೂರಿನ ಅಕ್ಷಾಂಶ 14, ಹಾಗಾಗಿ ಧ್ರುವನ ಎತ್ತರವೂ 14. ಹಡಗಿನವರು ದಾರಿಗೆ ನಂಬಿಕೊಂಡಿದ್ದ ನಕ್ಷತ್ರ ಇರೋದು, ಈಗ ನಾವು ನಂಬಿಕೊಂಡಿರೋ ಉಪಗ್ರಹಗಳು ಎಂದೂ ಕಾಲಿಡದ ಜಾಗದಲ್ಲಿ! ಅಷ್ಟು ದಿನದಿಂದ ಆ ಚಿತ್ರ ನೋಡ್ತಿದ್ದ ನಂಗೆ ಇದು ಹೊಳೆದಿರಲಿಲ್ಲ.

ಆಮೇಲೆ ಬೆರಳು ಪಶ್ಚಿಮಕ್ಕೆ ಬಂತು. ಅಲ್ಲಿ ಗೆರೆಗಳೆಲ್ಲ ದಿಗಂತ ಮುಟ್ಟೋ ಮುಂಚೆ, ಅರ್ಧ ಆಕಾಶದಲ್ಲೇ ಸವೆದು ಹೋಗಿದ್ವು. "ಹಲಸಿನ ಮರ" ಅಂದೆ. ದಟ್ಟ ಎಲೆ, ಅದೂ ಮಳೆಗಾಲ ಮುಗಿಯೋ ಹೊತ್ತಿನ ಒದ್ದೆ ಎಲೆ. ನೀರು ಈ ಸಿಗ್ನಲ್ಲನ್ನ ಚೆನ್ನಾಗಿ ಕುಡಿಯತ್ತೆ. ಬಯಲಲ್ಲಿ 45ರಷ್ಟು ಇದ್ದ ದನಿ ಅಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು, ಕೆಲವು ಕಡೆ ಖಾಲಿ. ಅಪ್ಪ ಕನ್ನಡಕ ಸರಿ ಮಾಡ್ಕೊಂಡು ಬಗ್ಗಿ ನೋಡಿದ್ರು. ಆ ಮಸುಕಿನ ನಡುವೆ ಎರಡು ಗೆರೆಗಳು ಒಂದು ಕಡೆ ಮಾತ್ರ ಇದ್ದಕ್ಕಿದ್ದಂತೆ ಕಪ್ಪಾಗಿ, ಮತ್ತೆ ಮಸುಕಾಗಿದ್ವು. ನಾನು ಅದನ್ನ ಏನೋ ಎರರ್ ಅಂದ್ಕೊಂಡಿದ್ದೆ.

"ಇದು ನಿನ್ನಕ್ಕನ ಮದುವೆಗೆ ಕಡಿದ ಕೊಂಬೆ" ಅಂದ್ರು ಅಪ್ಪ.

ಚಪ್ಪರ ಹಾಕೋಕೆ ಅಡ್ಡ ಬರತ್ತೆ ಅಂತ ಆ ದೊಡ್ಡ ಕೊಂಬೆ ಕಡಿಸಿದ್ದು, ಅದರ ಮೇಲೆ ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದು ನಂಗೆ ಮರೆತೇ ಹೋಗಿತ್ತು. ಇಬ್ಬರೂ ಅಂಗಳಕ್ಕೆ ಹೋಗಿ ತುಳಸಿಕಟ್ಟೆ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ್ವಿ. ಸರಿಯಾಗಿ ಅಲ್ಲೇ, ಎಲೆಗಳ ನಡುವೆ ಒಂದು ಕಿಂಡಿ. ಆಚೆ ಆಕಾಶ. ಅಪ್ಪನಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಪಕ್ಕದ ಮನೆಯವರನ್ನ ಕರೆದು ತೋರಿಸಿದ್ರು. ಅವರು ತಂದೆ ಮಗ ಇಬ್ಬರ ಮುಖವನ್ನೂ ಒಂದು ಥರ ನೋಡಿ ಹೋದರು.

ಆ ಮನೆ ಈಗಿಲ್ಲ. ಅಂದ್ರೆ ಇದೆ, ನಮ್ಮದಲ್ಲ.

ಕಾರಣ ಮಲೆನಾಡಿನವರಿಗೆ ಹೊಸದೇನಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂತು. ಮಂಗಗಳ ಕಾಟ. ಕೆಲಸಕ್ಕೆ ಜನ ಇಲ್ಲ. ಅಮ್ಮನ ಮಂಡಿ ನೋವು, ಡಾಕ್ಟರಿಗೆ ಶಿವಮೊಗ್ಗಕ್ಕೇ ಓಡ್ಬೇಕು. 'ನಮ್ಮ ಜೊತೆ ಬಂದುಬಿಡಿ' ಅಂತ ಹೇಳಿದ್ದು ನಾನೇ. ಹೇಳ್ತಾ ಹೇಳ್ತಾ ಒಂದು ವರ್ಷ ಆದ್ಮೇಲೆ ಅಪ್ಪ ಒಂದಿನ "ಆಯ್ತು" ಅಂದ್ರು. ಅಷ್ಟು ಸುಲಭಕ್ಕೆ ಒಪ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ. ಒಪ್ಪಿದ್ದು ನೋಡಿ ಸಮಾಧಾನ ಆಗೋ ಬದಲು ಹೆದರಿಕೆ ಆಯ್ತು.

2024ರ ಮೇ ತಿಂಗಳಲ್ಲಿ ರಿಜಿಸ್ಟ್ರೇಷನ್. ಹಿಂದಿನ ದಿನ ಸಾಮಾನೆಲ್ಲ ಲಾರಿಗೆ ಹೋಗಿತ್ತು. ಡಬ್ಬಿ ತಗೊಂಡು ಬಂದಿದೀನೋ ಇಲ್ವೋ ಅಂತ ಅಪ್ಪನೇ ಕೇಳಿದ್ರು. ತಂದಿದ್ದೆ. ಅವರೇ ತುಳಸಿಕಟ್ಟೆ ಮೇಲೆ ಇಟ್ಟರು, ಹಳೇ ಜಾಗದಲ್ಲೇ ಇರಲಿ ಅಂತ ಬೆರಳಲ್ಲಿ ಅಳತೆ ಮಾಡಿ. ಮರದ ತುಂಬ ಹಲಸಿನ ಕಾಯಿ. ಮಾರನೇ ದಿನ ಬೆಳಿಗ್ಗೆ ತೆಗೆಯುವಾಗ ಪವರ್ ಬ್ಯಾಂಕಿನ ಕೊನೆಯ ಲೈಟ್ ಉರೀತಿತ್ತು. ರಾತ್ರಿಯಿಡೀ ಬರೆದುಕೊಂಡಿತ್ತು. ಅಷ್ಟೇ, ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಹಳೇ ಗೆರೆಗಳೇ, ಹಳೇ ಕಿಂಡಿಯೇ. ಕಾರಿನಲ್ಲಿ ಬರುವಾಗ ಅಪ್ಪ ಡಬ್ಬಿಯನ್ನ ತೊಡೆ ಮೇಲೆ ಇಟ್ಕೊಂಡಿದ್ರು.

ಇಲ್ಲಿ ನಮ್ಮದು ಮೂರನೇ ಮಹಡಿ. ಬಾಲ್ಕನಿಗೆ ಪೂರ್ವದ ಒಂದು ಸೀಳು ಆಕಾಶ ಕಾಣತ್ತೆ, ಎದುರಿಗೆ ಪೂರ್ತಿ ಗಾಜು ಹಾಕಿದ ದೊಡ್ಡ ಕಟ್ಟಡ. ಬಂದ ಹೊಸದರಲ್ಲಿ ಡಬ್ಬಿಯನ್ನ ಬಾಲ್ಕನಿಯಲ್ಲಿಟ್ಟು ಒಂದು ದಿನದ ಲಾಗ್ ತೆಗೆದೆ. ಆಕಾಶದ ಚಿತ್ರ ಕಲ್ಲಂಗಡಿಯ ಒಂದು ಹೋಳಿನ ಥರ ಬಂತು. ಜೊತೆಗೆ ಇನ್ನೊಂದು ತಮಾಷೆ. ಗಾಜಿಗೆ ಬಡಿದು ಬರೋ ಸಿಗ್ನಲ್ ಉದ್ದದ ದಾರಿ ಹಿಡಿದು ತಡವಾಗಿ ಬರತ್ತಲ್ಲ, ಅದನ್ನ ನೇರವಾಗಿ ಬಂದದ್ದು ಅಂತ ನಂಬಿ ಮಾಡ್ಯೂಲು ತನ್ನ ಜಾಗವನ್ನೇ ತಪ್ಪು ಲೆಕ್ಕ ಹಾಕತ್ತೆ. ಕುರ್ಚಿಯ ಮೇಲೆ ಅಲ್ಲಾಡದೇ ಕೂತ ಡಬ್ಬಿ, ದಿನವಿಡೀ ಎದುರು ರಸ್ತೆ, ಪಕ್ಕದ ಸೈಟು, ಪಾರ್ಕು ಎಲ್ಲಾ ಸುತ್ತಿ ಬಂದಿದೆ ಅಂತ ಮ್ಯಾಪಿನಲ್ಲಿ ಗೀಚಿತ್ತು. ಮೂವತ್ತು ನಲವತ್ತು ಮೀಟರಿನ ಅಲೆದಾಟ.

ಲಾರಾ ಕರ್ಗನ್ ಅನ್ನೋ ವಾಸ್ತುಶಿಲ್ಪಿ 1994ರಲ್ಲೇ ನ್ಯೂಯಾರ್ಕಿನ ಒಂದು ಗ್ಯಾಲರಿಯಲ್ಲಿ ಇದನ್ನೇ ಪ್ರದರ್ಶನಕ್ಕೆ ಇಟ್ಟಿದ್ರು. ಆಗ ಅಮೆರಿಕದ ಸೇನೆ ಸಾಮಾನ್ಯರಿಗೆ ಸಿಗೋ ಸಿಗ್ನಲ್ಲನ್ನ ಬೇಕಂತಲೇ ಕೆಡಿಸಿ ಕಳಿಸ್ತಿತ್ತು. ನೂರು ಮೀಟರಿನಷ್ಟು ಹೆಚ್ಚುಕಮ್ಮಿ ಆಗ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನ ನಿಲ್ಲಿಸಿದ್ರು. ನಿಂತಲ್ಲೇ ನಿಂತ ರಿಸೀವರ್ ಬಿಡಿಸಿದ ಚುಕ್ಕಿಗಳ ಚೆಲ್ಲಾಟವನ್ನೇ ಅವರು ಕಲೆ ಮಾಡಿದ್ರು. 'ನೀವು ಇಲ್ಲಿದ್ದೀರಿ' ಅಂತ ಆ ಸರಣಿಯ ಹೆಸರು. ಮೊದಲು ಓದಿದಾಗ ಜಾಣತನದ ಜೋಕ್ ಅನ್ನಿಸಿತ್ತು.

ಆ ಗೀಚಿನ ಚಿತ್ರ ನೋಡಿ ಅಪ್ಪ, "ಕೂತಲ್ಲೇ ಊರು ಸುತ್ತತ್ತೆ, ನನ್ನ ಹಾಗೇ" ಅಂದ್ರು. ನಗ್ತಾನೇ ಹೇಳಿದ್ದು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೇ ಎದ್ದು, ಪೇಪರ್ ಓದಿ, ಅದೇ ಕುರ್ಚಿಯಲ್ಲಿ ಕೂತು ಗಾಜಿನ ಕಟ್ಟಡ ನೋಡ್ತಾ ಇರೋ ಅವರನ್ನ ದಿನಾ ದಾಟಿಕೊಂಡೇ ನಾನು ಆಫೀಸಿಗೆ ಹೋಗೋದು. ಅಮ್ಮನಿಗೆ ಇಲ್ಲಿ ಎರಡು ಭಜನಾ ಮಂಡಳಿ ಸಿಕ್ಕಿವೆ, ಮಂಡಿಯೂ ವಾಸಿ. ಅಪ್ಪನಿಗೆ ಏನು ಸಿಕ್ಕಿದೆ ಅಂತ ನಾನು ಕೇಳಿಲ್ಲ, ಅವರು ಹೇಳಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಊರಿನಿಂದ ಫೋನ್ ಬಂದಿತ್ತು. ಮನೆ ತಗೊಂಡವರು ಹಲಸಿನ ಮರ ಕಡಿಸಿದ್ರಂತೆ. ಮಾಡಿನ ಮೇಲೆ ಬೀಳೋ ಭಯ ಅಂತೆ. ಅವರ ಮನೆ, ಅವರ ಮರ. ಅಪ್ಪ ಏನೂ ಮಾತಾಡಲಿಲ್ಲ. ಸಂಜೆ ಬೀರುವಿನಿಂದ ಆ ಹಳೇ ಪ್ರಿಂಟ್ ತೆಗೆದು ನೋಡ್ತಾ ಕೂತಿದ್ರು. ನಮ್ಮಲ್ಲಿ ಆ ಮರದ ಫೋಟೋಗಳು ಬೇಕಾದಷ್ಟಿವೆ. ಆದ್ರೆ ಫೋಟೋದಲ್ಲಿ ಕೊಂಬೆ ಇದೆ, ಕಾಯಿ ಇದೆ, ಅದರ ಕೆಳಗೆ ಹಲ್ಲು ಕಿಸಿದು ನಿಂತ ನಾವಿದೀವಿ. ಈ ಪ್ರಿಂಟಿನಲ್ಲಿರೋದು ಅಂಗಳದ ನಡುವೆ ತುಳಸಿಕಟ್ಟೆಯ ಪಕ್ಕ ಕೂತವರಿಗೆ ಆ ಮರ ಎಷ್ಟು ಆಕಾಶವನ್ನ ಮರೆ ಮಾಡಿತ್ತು ಅನ್ನೋದು ಮಾತ್ರ. ಅಪ್ಪ ಅಲ್ಲೇ ಅರವತ್ತು ವರ್ಷ ಕೂತಿದ್ದೋರು.

ಈಗ ಭಾನುವಾರದ ಪ್ರಶ್ನೆಗೆ ಬರ್ತೀನಿ. ಫೋನಿನಲ್ಲಿ ನಾನು ನೋಡಿದ್ದು ಊರಿನ ಲೆಕ್ಕ ಅಲ್ಲ, ಇಲ್ಲಿನದ್ದೇ. ಉಪಗ್ರಹಗಳು ಇಪ್ಪತ್ತು ಸಾವಿರ ಕಿ.ಮೀ. ಮೇಲಿವೆ, ಊರಿಗೂ ಬೆಂಗಳೂರಿಗೂ ನೇರವಾಗಿ ಅಳೆದರೆ ಸುಮಾರು 300 ಕಿ.ಮೀ. ಇಲ್ಲಿ ನಿಂತು ನೋಡೋದಕ್ಕೂ ಅಲ್ಲಿ ನಿಂತು ನೋಡೋದಕ್ಕೂ ಹೆಚ್ಚೆಂದರೆ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ. ಅಲ್ಲಿ ಬಂದಿರೋದೇ ಇಲ್ಲೂ ಬಂದಿದೆ, ಈ ಗಾಜಿನ ಕಟ್ಟಡದ ಹಿಂದೆ. ಅಪ್ಪನಿಗೆ ಇದನ್ನ ಹೇಳಿದೆ. "ಗೊತ್ತು" ಅಂದ್ರು. ಗಣಿತದ ಮೇಷ್ಟ್ರಿಗೆ ಗೊತ್ತಿಲ್ದೇ ಇರತ್ತಾ? ಗೊತ್ತಿದ್ದೂ 'ಅಲ್ಲಿ' ಅಂತಲೇ ಕೇಳಿದ್ದು ಅವರು.

ಸಂಜೆ ಇಬ್ಬರೂ ಡಬ್ಬಿ ತಗೊಂಡು ಟೆರೇಸಿಗೆ ಹೋದ್ವಿ. ಬೀಗ ಹಾಕಿರ್ತಾರೆ, ಅಸೋಸಿಯೇಷನ್ನಿನವರನ್ನ ಕೇಳಿ ಬೀಗದ ಕೈ ತಗೊಳ್ಳೋಕೆ ಅರ್ಧ ಗಂಟೆ ಆಯ್ತು. ನೀರಿನ ಟ್ಯಾಂಕಿನ ಪಕ್ಕ ಇಟ್ಟು ಬಂದಿದೀವಿ. ಪಶ್ಚಿಮಕ್ಕೆ ಅಲ್ಲೂ ಏನೋ ಅಡ್ಡ ಇದೆ, ಮೊಬೈಲ್ ಟವರ್ ಇರಬೇಕು. ನಾಳೆ ಬೆಳಿಗ್ಗೆ ಅಪ್ಪನೇ ಹೋಗಿ ತರ್ತಾರಂತೆ. ಬಂದ ಚಿತ್ರದಲ್ಲಿ ಯಾವ ಕಿಂಡಿ ಯಾವುದರದ್ದು ಅಂತ ಹುಡುಕೋ ಕೆಲಸ ಅವರದ್ದು.

ಅಂದಹಾಗೆ, ನಿಮ್ಮನೆ ಮೇಲಿನ ಆಕಾಶದಲ್ಲಿ ಏನೇನು ಅಡ್ಡ ಇದೆ? ಯಾರಿಗಾದ್ರೂ ಮಾಡಿ ನೋಡೋ ಮನಸ್ಸಿದ್ರೆ ಹೇಳಿ, ಪ್ರೋಗ್ರಾಮ್ ಕಳಿಸ್ತೀನಿ. ಮೋಹನ ರಾಗದ್ದಲ್ಲ, ಎರಡನೇದು :-)